ಹವಾಮಾನ ಬಲೂನಿಗೆ ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ಸಭಾಸದರೇ, ಈ ಸನ್ಮಾನಕ್ಕೆ ಸರ್ವಥಾ ಪಾತ್ರರಾದ ಹವಾಮಾನ ಬಲೂನು ಮಹಾಶಯರೇ,

ತಮ್ಮನ್ನು ವೇದಿಕೆಗೆ ಬರಮಾಡಿಕೊಂಡು ಹಾರವನ್ನೇನೋ ಹಾಕಿದೆವು. ಶಾಲು ಹೊದಿಸುವ ವೇಳೆಗೆ ತಮಗೆ ಹೆಗಲೇ ಇಲ್ಲವೆಂಬ ಸಂಗತಿ ಕಾರ್ಯದರ್ಶಿಗಳ ಲಕ್ಷ್ಯಕ್ಕೆ ಬಂದು ಉಂಟಾದ ಗಡಿಬಿಡಿಯನ್ನು ತಾವು ಮನ್ನಿಸಬೇಕು. ಅಮೆರಿಕದ ಸೈನ್ಯದ ಗುಟ್ಟನ್ನು 47 ವರ್ಷ ಹೊತ್ತವರಿಗೆ ಹೆಗಲಿರಲಾರದೆಂದು ಯಾರು ತಾನೆ ಊಹಿಸಿಯಾರು? ಕುಂಬಳಕಾಯಿ ಕಳ್ಳನೆಂದೊಡನೆ ಮುಟ್ಟಿ ನೋಡಿಕೊಳ್ಳಲು ಹೆಗಲಿಲ್ಲದವರನ್ನೇ ಆರಿಸಿ ಮುಂದೆ ನಿಲ್ಲಿಸಿದ ಆ ಅಧಿಕಾರಿಗಳ ದೂರದೃಷ್ಟಿ ಸಾಮಾನ್ಯವಾದುದಲ್ಲ.

1947ರ ಜೂನ್ 24ರಂದು ರೇನಿಯರ್ ಪರ್ವತದ ಬಳಿ ಕೆನೆತ್ ಆರ್ನಾಲ್ಡ್ ಎಂಬ ವೈಮಾನಿಕರು ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದು ಹೇಳಿದ್ದೇ ತಡ, ದೇಶಕ್ಕೆ ದೇಶವೇ ಕತ್ತೆತ್ತಿಕೊಂಡು ನಡೆಯತೊಡಗಿದ್ದ ಆ ಕಾಲದಲ್ಲಿ, ನ್ಯೂ ಮೆಕ್ಸಿಕೋದ ರೋಸ್‌ವೆಲ್ ಪ್ರಾಂತದ ಕುರಿಗಾವಲಿನಲ್ಲಿ ರಬ್ಬರಿನ ಚಿಂದಿ, ಬೇಗಡೆಯ ಚೂರು, ಕಡ್ಡಿ, ಹೂವಿನ ಚಿತ್ತಾರದ ಅಂಟುಪಟ್ಟಿ, ಇವಿಷ್ಟೂ ಚದುರಿ ಬಿದ್ದಿದ್ದುವು. ಕಂಡವನ ಲೆಕ್ಕದಲ್ಲಿ ಎಲ್ಲ ಸೇರಿ ಐದು ಪೌಂಡು ತೂಗಿದ್ದರೆ ಹೆಚ್ಚು. ಆಗ ಜಗತ್ತಿನಲ್ಲೆಲ್ಲ ಅಣುಬಾಂಬು ಹೊತ್ತು ಹಾರಬಲ್ಲ ಏಕೈಕ ದಳವಾಗಿದ್ದ 509ನೆಯ ದಳದ ನೆಲೆಯಿಂದ ಜುಲೈ 8ರಂದು ಹಾರುವ ತಟ್ಟೆಯೊಂದು ಕೈವಶವಾಯಿತೆಂಬ ಪ್ರಕಟಣೆ ಹೊರಟಿತು. ಅಂದೇ ಫೋರ್ಟ್ ವರ್ತ್‌ನಲ್ಲಿ ಜನರಲ್ ರೇಮಿಯವರು ಬೇಗಡೆಯನ್ನು ಕಚೇರಿಯ ನೆಲದ ಮೇಲೆ ಹರವಿ, ಛಾಯಾಚಿತ್ರ ತೆಗೆಯಿಸಿ, ಹವಾಮಾನ ಬಲೂನೆಂಬ ತಮ್ಮ ಶುಭನಾಮವನ್ನು ಉಚ್ಚರಿಸಿದರು. ಹಗಲಿನಲ್ಲಿ ತಟ್ಟೆಯಾಗಿದ್ದುದು ದೀಪ ಹಚ್ಚುವ ಹೊತ್ತಿಗೆ ಬಲೂನಾಯಿತು.

ಇದರಲ್ಲಿ ಅರ್ಧ ಮಾತ್ರವೇ ಸುಳ್ಳೆಂಬುದು ತಮ್ಮ ಸೇವೆಯ ಪರಮ ಸೂಕ್ಷ್ಮ. ಬಿದ್ದದ್ದು ಬಲೂನೇ ಅಹುದು. ಆದರೆ ಮಳೆ ಗಾಳಿಗಳ ವಾರ್ತೆ ತರುವ ತಾವಲ್ಲ. ಸೋವಿಯೆತ್ ದೇಶ ಎಂದಾದರೊಂದು ದಿನ ಅಣುಬಾಂಬು ಸಿಡಿಸಿದರೆ ಅದರ ಸದ್ದನ್ನು ಮೇಲಿನ ವಾಯುಮಂಡಲದಲ್ಲಿ ಕಿವಿಗೊಟ್ಟು ಹಿಡಿಯುವುದಕ್ಕಾಗಿ, ಸರಮಾಲೆಯಂತೆ ಪೋಣಿಸಿದ ಬಲೂನುಗಳಿಗೆ ಧ್ವನಿಗ್ರಾಹಕಗಳನ್ನು ತೂಗುಹಾಕಿ ಏರಿಸುತ್ತಿದ್ದ 'ಮೊಗಲ್' ಎಂಬ ಗುಪ್ತ ಯೋಜನೆಯದು ಆ ಚಿಂದಿಯೆಂದು ವಾಯುಸೇನೆ 1994ರಲ್ಲಿ ಒಪ್ಪಿಕೊಂಡಿತು. ಹೀಗೆ ಬಲೂನನ್ನು ಬಲೂನಿನಿಂದಲೇ ಮುಚ್ಚಿ, ದಾಯಾದಿಯ ಗುಟ್ಟನ್ನು ಕಾಯಲು ತಮ್ಮ ಮಾನವನ್ನು ತೆತ್ತ ತ್ಯಾಗ ಪುರಾಣಗಳಲ್ಲಿಯೂ ವಿರಳ. ಸತ್ಯ ಹೊರಬರುವ ಹೊತ್ತಿಗಾಗಲೇ ಕೇಳುವ ಕಿವಿಗಳೆಲ್ಲ ಅನ್ಯಲೋಕದವರಿಗೆ ಮೀಸಲಾಗಿದ್ದುವು, ಆ ಮಾತು ಬೇರೆ.

ತಮ್ಮ ವಂಶದಲ್ಲಿ ಇನ್ನೊಂದು ಕಥೆಯುಂಟು. ಅದನ್ನು ಹೇಳುವಾಗ ನಗಲಾರೆ. 1948ರ ಜನವರಿ 7ರಂದು ಕೆಂಟಕಿಯ ಬಾನಿನಲ್ಲಿ ಹೊಳೆಯುತ್ತಿದ್ದ ಯಾವುದನ್ನೋ ಬೆನ್ನಟ್ಟಿ, ಆಮ್ಲಜನಕದ ಸಾಧನವಿಲ್ಲದೆಯೇ ಎತ್ತರಕ್ಕೇರಿದ ಕ್ಯಾಪ್ಟನ್ ಮ್ಯಾಂಟೆಲ್ ಎಂಬ ತರುಣ ನೆಲಕ್ಕೆ ಬಿದ್ದು ಮಡಿದನು. ಅವನು ಕಂಡದ್ದು ಶುಕ್ರಗ್ರಹವೆಂದು ಮೊದಲು ಹೇಳಿದರು. ನೌಕಾಪಡೆಯವರು ಗುಟ್ಟಾಗಿ ಹಾರಿಸುತ್ತಿದ್ದ ಸ್ಕೈಹುಕ್ ಬಲೂನಾಗಿದ್ದಿರಬೇಕೆಂಬುದು ಬಲ್ಲವರ ತರುವಾಯದ ಅಭಿಪ್ರಾಯ. ಹಾಗಿದ್ದಲ್ಲಿ, ತನ್ನ ದೇಶದ್ದೇ ಆದ ವಸ್ತುವನ್ನು ತನ್ನ ದೇಶದವನೇ ಗುರುತಿಸಲಾರದೆ ಹೋದನು. ಏಕೆಂದರೆ ಅದು ಉಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಹೋದ್ಯೋಗಿಗಳಾದ ಶುಕ್ರಗ್ರಹರಿಗೂ, 1966ರಲ್ಲಿ ಮಿಷಿಗನ್ನಿನಲ್ಲಿ ಇದೇ ಬಗೆಯ ವಿವರಣೆಯಾಗಿ ಕರ್ತವ್ಯ ನಿರ್ವಹಿಸಿದ ಜೌಗುನೆಲದ ಅನಿಲರಿಗೂ ಫಲತಾಂಬೂಲ ಸಲ್ಲತಕ್ಕದ್ದು. ಇಷ್ಟು ಮಂದಿ ದುಡಿದೂ, ಹಾರುವ ತಟ್ಟೆಗಳ ಬಗ್ಗೆ ವಾಯುಸೇನೆ ನಡೆಸಿದ 'ಬ್ಲೂ ಬುಕ್' ಎಂಬ ತನಿಖೆ 1969ರಲ್ಲಿ ಮುಗಿದಾಗ 12,618 ವರದಿಗಳ ಪೈಕಿ 701ಕ್ಕೆ ಹೆಸರಿಡಲಾಗಲಿಲ್ಲವೆಂಬುದು ತಮ್ಮ ನೆರವು ಇನ್ನೂ ಬೇಕಾಗಿತ್ತೆಂಬುದಕ್ಕೆ ಸಾಕ್ಷಿ. ವಾಯುಸೇನೆಯ 1997ರ ವರದಿಯಂತೂ, ರೋಸ್‌ವೆಲ್ಲಿನಲ್ಲಿ ಅನ್ಯಲೋಕದ ಹೆಣಗಳನ್ನು ಕಂಡೆವೆಂದವರು ನಿಜವಾಗಿ ಕಂಡದ್ದು 1950ರ ದಶಕದಲ್ಲಿ ಆಕಾಶದಿಂದ ಉದುರಿಸಿದ ಪರೀಕ್ಷೆಯ ಬೊಂಬೆಗಳನ್ನೆಂದು ವಿವರಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನಾವು ಬಲ್ಲೆವು. ಕೂಸಿಗೆ ಕುಲಾವಿ ತೊಡಿಸಿದ ಬಳಿಕ ಅದರ ಹುಟ್ಟಿದ ದಿನವನ್ನೇ ಹಿಂದಕ್ಕೆ ಸರಿಸಿದವರನ್ನು ಕಂಡದ್ದು ಅಂದೇ.

ಮಹಾಶಯರೇ, ಏರಿದಷ್ಟೂ ಉಬ್ಬುವುದು ತಮ್ಮ ಜಾತಿಧರ್ಮ, ಉಬ್ಬಿ ಒಡೆಯುವುದು ತಮ್ಮ ವಿಧಿ. ಆದಕಾರಣ ಸ್ತುತಿಯನ್ನು ಇಲ್ಲಿಗೇ ನಿಲ್ಲಿಸಿ, ಸಭೆಯ ಪರವಾಗಿ ಈ ಬೆಳ್ಳಿಯ ತಟ್ಟೆಯನ್ನು ಅರ್ಪಿಸುತ್ತಿದ್ದೇವೆ. ದಾರಿಯಲ್ಲಿ ಇದೇನೆಂದು ಯಾರಾದರೂ ಕೇಳಿದಲ್ಲಿ, ದಯಮಾಡಿ, ಬಲೂನೆಂದೇ ಹೇಳಿರಿ.