ಗೋಡೆ ಜರುಗಿಸುವ ಚೌತಿ

ನಮ್ಮ ಮನೆಗೆ ಚಕ್ರಗಳಿವೆ, ಬೆನ್ನಿಗೆ ಕೆಂಪು ದೀಪಗಳಿವೆ, ನಂಬರ್ ಪ್ಲೇಟೂ ಇದೆ. ಎಲ್ಲಿಗಾದರೂ ಹೊರಡುವ ಉದ್ದೇಶ ಒಂದಿಲ್ಲ. ಅರಿಜೋನಾದ ಅಪಾಚಿ ಜಂಕ್ಷನ್ ಎಂಬ ಊರಿನ ಆರ್‌ವಿ ಪಾರ್ಕಿನಲ್ಲಿ ಈ ಫಿಫ್ತ್ ವೀಲ್ ಟ್ರೈಲರನ್ನು ನಿಲ್ಲಿಸಿದ ಮೇಲೆ, ಅದನ್ನು ಎಳೆದು ತಂದ ಟ್ರಕ್ಕನ್ನೇ ಮಾರಿಬಿಟ್ಟೆವು. ಇವರು ಚಾಂಡ್ಲರಿನ ಚಿಪ್ ಕಾರ್ಖಾನೆಯಿಂದ ನಿವೃತ್ತರಾದಾಗ ದೇಶ ಸುತ್ತೋಣವೆಂದು ಕೊಂಡ ಗಾಡಿ ಇದು. ದೇಶ ಸುತ್ತುವುದಕ್ಕೆ ಬೇಕಾದ ಡೀಸೆಲ್ಲಿನ ಲೆಕ್ಕ ಹಾಕಿದ ಸಂಜೆಯೇ ಇವರಿಗೆ ಈ ಊರಿನ ಹವೆ ಬಹಳ ಹಿಡಿಸಿತು.

ಮೈಸೂರಿನಿಂದ ಫೋನು ಮಾಡುವ ನಮ್ಮತ್ತೆ ಇಂದಿಗೂ "ಈಗ ಯಾವ ಊರಲ್ಲಿದ್ದೀರಮ್ಮ?" ಎಂದೇ ಮಾತು ಶುರು ಮಾಡುತ್ತಾರೆ.

"ಹೋದ ವಾರ ಇದ್ದಲ್ಲೇ ಇದ್ದೀವಿ ಅತ್ತೆ."

"ಹಾಗಾದ್ರೆ ಚಕ್ರ ಯಾಕೆ?"

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸ್ಲೈಡ್ ಯಾಕೆ ಎಂದು ಅವರು ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ.

ಅಮೆರಿಕದ ಹೆದ್ದಾರಿಯಲ್ಲಿ ಓಡುವ ಗಾಡಿಯ ಅಗಲ ಸಾಮಾನ್ಯವಾಗಿ 102 ಇಂಚು ಮೀರುವಂತಿಲ್ಲ. ಎಂಟೂವರೆ ಅಡಿ. ಅದರೊಳಗೆ ಸೋಫಾ, ಒಲೆ, ಫ್ರಿಜ್ಜು, ಬೀರು ಎಲ್ಲವನ್ನೂ ಇಟ್ಟು ಉಳಿದ ಓಣಿಯಲ್ಲಿ ಗಂಡಹೆಂಡತಿ ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಒಬ್ಬರು ಯಾರೆಂಬುದು ನಮ್ಮಲ್ಲಿ ತೀರ್ಮಾನವಾಗಿಲ್ಲ. ಆದರೆ ಕಾನೂನು ಅಳೆಯುವುದು ಓಡುವ ಗಾಡಿಯನ್ನು. ನಿಂತ ಮೇಲೆ ಎಷ್ಟು ಅಗಲವಾದರೆ ಅದಕ್ಕೇನು? ಈ ಸಂದು ಹಿಡಿದವರು ಇಂಡಿಯಾನಾ ರಾಜ್ಯದವರು. ಅಲ್ಲಿನ ನ್ಯಾಪನೀ ಎಂಬ ಪುಟ್ಟ ಊರಿನ ನ್ಯೂಮಾರ್ ಕಂಪನಿ 1990ರ ಸುಮಾರಿಗೆ ಸ್ಲೈಡ್-ಔಟ್ ಕೋಣೆಯನ್ನು ಮಾರುಕಟ್ಟೆಗೆ ತಂದಿತು. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಗೋಡೆ, ನೆಲ, ಸೂರು ಸಮೇತ ಮನೆಯ ಒಂದು ಭಾಗ ಸುಮಾರು ಮೂರಡಿ ಆಚೆಗೆ ಜರುಗುತ್ತದೆ. ಹೊರಡುವಾಗ ಮತ್ತೆ ಒತ್ತಿದರೆ ಒಳಗೆ. ನಮ್ಮಲ್ಲಿ ಇಂಥವು ಮೂರಿವೆ: ಒಲೆ ಮತ್ತು ಫ್ರಿಜ್ಜು ಇರುವುದು ಒಂದು, ಅದರ ಎದುರಿಗೆ ಸೋಫಾ ಇರುವುದು ಒಂದು, ಮಲಗುವ ಕೋಣೆಯ ಬಟ್ಟೆ ಬೀರಿನದು ಇನ್ನೊಂದು.

ತಿರುಗಾಡುವವರಿಗೆ ಸ್ಲೈಡಿನಿಂದ ತೊಂದರೆ ಕಡಿಮೆ. ವಾರಕ್ಕೊಮ್ಮೆ ಒಳಗೆಳೆದು ಹೊರಗೆ ಬಿಡುತ್ತಿದ್ದರೆ ಗೇರು, ಮೋಟರು, ರಬ್ಬರು ಎಲ್ಲ ಸಲೀಸಾಗಿರುತ್ತವೆ. ಕಷ್ಟವೆಲ್ಲ ಬೇರುಬಿಟ್ಟು ಕೂತ ನಮ್ಮಂಥವರಿಗೆ. ವರ್ಷವಿಡೀ ಒಂದೇ ಕಡೆ ಒತ್ತಿ ನಿಂತ ರಬ್ಬರ್ ಸೀಲು ಗೋಡೆಗೆ ಅಂಟಿಕೊಳ್ಳುತ್ತದೆ, ಗೇರಿನ ಹಲ್ಲುಗಳ ನಡುವೆ ಧೂಳು ಗಟ್ಟಿಯಾಗುತ್ತದೆ, ಮೋಟರು ಬಿಗಿದುಕೊಳ್ಳುತ್ತದೆ. ಆಮೇಲೆ ಎಂದಾದರೂ ಗುಂಡಿ ಒತ್ತಿದಿರೋ, ಸೀಲು ಪರಕ್ಕನೆ ಹರಿದುಬರುತ್ತದೆ. "ತಿಂಗಳಿಗೊಮ್ಮೆಯಾದರೂ ಆಡಿಸಿ" ಎಂದು ಹೇಳಿದವನು ಪಕ್ಕದ ಟ್ರೈಲರಿನ ಅಜ್ಜ. ಮಿನ್ನೆಸೋಟಾದ ಚಳಿಗೆ ಹೆದರಿ ಒಂದು ಚಳಿಗಾಲಕ್ಕೆಂದು ಬಂದು, ಬೇಸಿಗೆಗೂ ಹೆದರದೆ ಇಲ್ಲೇ ಉಳಿದವನು. ಮುಂಚೆ ಲಾರಿ ಓಡಿಸುತ್ತಿದ್ದನಂತೆ.

ತಿಂಗಳಿಗೊಮ್ಮೆ ಎಂದರೆ ಯಾವತ್ತು? ಮೊದಲ ಶನಿವಾರ ಎಂದೆ. ಮೊದಲ ಶನಿವಾರ ಯಾರಾದರೂ ಊಟಕ್ಕೆ ಬಂದೇ ಬರುತ್ತಿದ್ದರು. ಕೊನೆಯ ಭಾನುವಾರ ಎಂದೆ. ಅಂದು ಕನ್ನಡ ಸಂಘದ್ದು ಏನಾದರೊಂದು. ಕಡೆಗೆ ಇವರೇ ಪಂಚಾಂಗದಿಂದ ತಲೆಯೆತ್ತಿ, "ಸಂಕಷ್ಟಿ ದಿನ ಇಟ್ಕೊಳ್ಳೇ" ಎಂದರು. ನನಗೆ ಇವರ ಬಗ್ಗೆ ಅಪರೂಪಕ್ಕೆ ಹುಟ್ಟುವ ಗೌರವ ಆಗ ಹುಟ್ಟಿತು. ಅಡುಗೆಯ ಸ್ಲೈಡು, ಸೋಫಾದ ಸ್ಲೈಡು ಎರಡೂ ಒಳಬಂದರೆ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಒಲೆಯ ಹತ್ತಿರ ಸುಳಿಯುವಂತಿಲ್ಲ. ಸಂಕಷ್ಟಿಯ ದಿನವಾದರೋ ಇವರಿಗೆ ಚಂದ್ರೋದಯದವರೆಗೆ ಉಪವಾಸ. ಒಲೆಗೆ ಕೆಲಸವಿಲ್ಲದ ದಿನವೇ ಒಲೆಯನ್ನು ತಿರುಗಾಟಕ್ಕೆ ಕಳಿಸುವುದಕ್ಕಿಂತ ಪ್ರಶಸ್ತವಾದದ್ದು ಯಾವುದಿದೆ? ಮೇಲಾಗಿ ವಿಘ್ನನಿವಾರಕನ ದಿನ. ಸ್ಲೈಡಿಗೆ ಆ ಇಲಾಖೆಯ ದೇವರೇ ಬೇಕು.

ಬೆಳಗಿನ ಕೆಲಸ ಸೂರಿನ ಮೇಲೆ. ಸ್ಲೈಡ್ ಹೊರಗಿದ್ದಾಗ ಅದರ ತಲೆಯ ಮೇಲೆ ಬಿದ್ದದ್ದೆಲ್ಲ, ಒಳಗೆಳೆದಾಗ ಅದರ ಜೊತೆಗೇ ಮನೆಯೊಳಗೆ ಬರುತ್ತದೆ. ಅದನ್ನು ತಡೆಯಲೆಂದು ಮೇಲೊಂದು ಬಟ್ಟೆಯ ಹೊದಿಕೆ ಇದೆ, ಸ್ಲೈಡಿನ ಜೊತೆ ಸುತ್ತಿಕೊಳ್ಳುವ ಬಿಚ್ಚಿಕೊಳ್ಳುವ ಹೊದಿಕೆ. ಆದರೆ ನಮ್ಮ ಅಂಗಳಕ್ಕೆ ಬಾಗಿರುವುದು ಪಾಲೋ ವರ್ಡೆ ಮರ. ಅರಿಜೋನಾದ ರಾಜ್ಯವೃಕ್ಷ, ಕಾಂಡವೂ ಹಸಿರು. ಏಪ್ರಿಲಿನಲ್ಲಿ ಆ ಮರ ಸುರಿಸುವ ಹಳದಿ ಹೂವನ್ನು ನೋಡಲು ಜನ ದೂರದಿಂದ ಬರುತ್ತಾರೆ. ಗುಡಿಸಲು ಮಾತ್ರ ಯಾರೂ ಬರುವುದಿಲ್ಲ. ಸುತ್ತಿಕೊಳ್ಳುವ ಬಟ್ಟೆಯೊಳಗೆ ಹೂವು ಸಿಕ್ಕಿಕೊಂಡರೆ ಬಟ್ಟೆ ಗಂಟುಗಂಟಾಗಿ ಹರಿಯುತ್ತದೆ. ಹಾಗಾಗಿ ಏಣಿ ಹತ್ತಿ ಪೊರಕೆ ಆಡಿಸುವುದು ನನ್ನ ಪಾಲು. ಉಪವಾಸ ಇರುವವರು ಏಣಿ ಹತ್ತಬಾರದಂತೆ. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದೆ. ತಲೆ ಸುತ್ತುತ್ತದೆ ಎಂದರು.

ಆಮೇಲೆ ಒಳಗಿನ ಸಾಮಾನು. ಕುರ್ಚಿ, ಚಾಪೆ, ಕಸದ ಬುಟ್ಟಿ, ಇವರ ಚಪ್ಪಲಿ, ಸ್ಲೈಡಿನ ಹಾದಿಗೆ ಬರುವುದೆಲ್ಲ ತೆಗೆಯಬೇಕು. ಕಟ್ಟೆಯ ಮೇಲಿನ ದೇವರ ಮಂಟಪ ಮಾತ್ರ ಕದಲುವುದಿಲ್ಲ. ಗಣಪತಿ ಕೂತಲ್ಲೇ ಮೂರಡಿ ಒಳಗೆ ಬಂದು ಮೂರಡಿ ಹೊರಗೆ ಹೋಗುತ್ತಾನೆ. ಇವರು ಅದನ್ನು ಉತ್ಸವ ಎಂದು ಕರೆಯುತ್ತಾರೆ.

ಉತ್ಸವದ ಗುಂಡಿ ಒಳಗಿದೆ, ಒತ್ತುವವರು ಇವರು. ಹೊರಗೆ ನಿಂತು ಸೀಲು ಮಡಚಿಕೊಂಡಿತೇ, ಏನಾದರೂ ಸಿಕ್ಕಿಕೊಂಡಿತೇ ಎಂದು ನೋಡುವವಳು ನಾನು. ಅಡುಗೆಯ ಸ್ಲೈಡಿಗೆ ಎರಡು ಮೋಟರು, ಎಡಕ್ಕೊಂದು ಬಲಕ್ಕೊಂದು. ಹಲ್ಲುಪಟ್ಟಿಯ ಮೇಲೆ ಗೇರು ಉರುಳಿಸಿಕೊಂಡು ಎರಡೂ ಸಮಸಮ ನಡೆಯಬೇಕು. ಒಂದು ಮುಂದಾದರೆ ಕೋಣೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಗುಂಡಿಯನ್ನು ತುದಿ ಮುಟ್ಟುವವರೆಗೂ ಒತ್ತಿ ಹಿಡಿಯಬೇಕು, ಮುಟ್ಟಿದ ಮೇಲೂ ಮೋಟರುಗಳು ತಾವಾಗಿ ನಿಲ್ಲುವತನಕ ಬಿಡಬಾರದು. ಆಗಲೇ ಅವು ತಮ್ಮೊಳಗಿನ ಲೆಕ್ಕ ಸರಿಮಾಡಿಕೊಳ್ಳುವುದು. ಬಿಟ್ಟು ಒತ್ತಿ, ಬಿಟ್ಟು ಒತ್ತಿ ಮಾಡಿದರೆ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಆದರೆ ಹೊಸ ಸದ್ದು ಕೇಳಿದ ಕೂಡಲೇ ಯಂತ್ರ ನಿಲ್ಲಿಸಬೇಕು ಎಂಬುದು ಇವರಿಗೆ ಕಾರ್ಖಾನೆಯಲ್ಲಿ ರಕ್ತಗತವಾದ ಪಾಠ. ಈ ಸ್ಲೈಡಿಗೆ ಹಳೆಯ ಸದ್ದು ಎಂಬುದೇ ಇಲ್ಲ, ಪ್ರತಿ ಸಲವೂ ಹೊಸದು. ಹೊರಗಿನಿಂದ ನಾನು "ಬಿಡಬೇಡ್ರೀ!" ಎಂದು ಕೂಗಿದರೆ, ನಡುವಿನ ಗೋಡೆ ಎರಡಕ್ಷರ ನುಂಗಿ ಇವರಿಗೆ "ಬಿಡ್ರೀ!" ಎಂದು ತಲುಪಿಸುತ್ತಿತ್ತು. ಈಗ ಬರೀ "ಒತ್ತಿ, ಒತ್ತಿ, ಒತ್ತಿ" ಎನ್ನುತ್ತೇನೆ. ಹಿಂದಿನ ಸಾಲಿನ ಹೆಂಗಸೊಬ್ಬಳು ಇದು ನಮ್ಮ ಹಬ್ಬದ ಮಂತ್ರವೆಂದು ತಿಳಿದು, ನಾನು ಕೂಗುವಾಗ ಟೋಪಿ ತೆಗೆದು ನಿಲ್ಲುತ್ತಾಳೆ.

ಕಿರ್ ಎಂದರೆ ಕೊಬ್ಬರಿ ಎಣ್ಣೆ ಎಂಬುದು ಇವರ ಸಿದ್ಧಾಂತ. ಬಾಗಿಲಿಗೂ ಅದೇ, ಮಂಡಿಗೂ ಅದೇ. ಈ ಊರಿನಲ್ಲಿ ಅದು ನಡೆಯದು. ಇಲ್ಲಿ ಮಳೆ ಬರುವ ಮುಂಚೆ ಧೂಳು ಬರುತ್ತದೆ, ಆ ಧೂಳುಗಾಳಿಗೆ ಹಬೂಬ್ ಎನ್ನುತ್ತಾರೆ. 2011ರ ಜುಲೈ 5ರಂದು ಫೀನಿಕ್ಸ್ ನಗರವನ್ನು ನುಂಗಿದ ಧೂಳು ಸುಮಾರು ಒಂದು ಮೈಲಿ ಎತ್ತರಕ್ಕೆ ಎದ್ದಿತ್ತು. ಅಂಥ ಕಡೆ ಗೇರಿಗೆ ಎಣ್ಣೆ ಹಚ್ಚಿದರೆ ಎಣ್ಣೆ ಧೂಳನ್ನು ಹಿಡಿದು ಹಲ್ಲುಗಳನ್ನೇ ಸವೆಸುತ್ತದೆ. ಬೇಕಾದದ್ದು ಸಿಂಪಡಿಸಿದ ಮೇಲೆ ಒಣಗುವ ಸಿಲಿಕೋನ್ ಸ್ಪ್ರೇ. ರಬ್ಬರ್ ಸೀಲಿಗಾದರೆ ಸಾಬೂನು ನೀರಿನಲ್ಲಿ ಒರೆಸಿ, ಬಿಸಿಲಿನ ಕಿರಣ ತಡೆಯುವ ದ್ರಾವಣ ಹಚ್ಚಬೇಕು. ಪೆಟ್ರೋಲು, ಸೀಮೆಎಣ್ಣೆಯ ಜಾತಿಯದು ಏನು ತಾಗಿದರೂ ರಬ್ಬರು ಊದಿಕೊಂಡು ಕೆಡುತ್ತದೆ. ಇದೆಲ್ಲ ಹೇಳಿ ಮುಗಿಸಿದ ಮೇಲೆ ಇವರು, "ಹರಳೆಣ್ಣೆ?" ಎಂದರು.

ಸ್ಲೈಡು ಎಷ್ಟೇ ಬಿಗಿಯಾಗಿ ಕೂತರೂ ಕೆಳಮೂಲೆಯಲ್ಲಿ ಒಂದು ಸಂದು ಉಳಿಯುತ್ತದೆ. ನಮಗೆ ಕಾಣದ ಆ ಸಂದು ಮರುಭೂಮಿಯ ಪ್ಯಾಕ್‌ರ್‍ಯಾಟಿಗೆ ಮಹಾದ್ವಾರ. ಈ ಇಲಿಗೆ ಒಂದು ಚಾಳಿಯಿದೆ: ಬಾಯಲ್ಲಿ ಏನೋ ಕಚ್ಚಿಕೊಂಡು ಹೋಗುತ್ತಿರುವಾಗ ಅದಕ್ಕಿಂತ ಚೆಂದದ್ದು ಕಂಡರೆ ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ಒಯ್ಯುತ್ತದೆ. ಒಂದು ಬೆಳಗ್ಗೆ ಪಂಚಪಾತ್ರೆಯ ಪಕ್ಕದ ಉದ್ಧರಣೆ ಮಾಯವಾಗಿ, ಆ ಜಾಗದಲ್ಲಿ ಚೋಯಾ ಕಳ್ಳಿಯ ಮುಳ್ಳಿನ ತುಂಡೊಂದಿತ್ತು. ವ್ಯಾಪಾರದಲ್ಲಿ ಮೋಸ ಹೋದೆವು ಎಂದು ನನ್ನ ವಾದ. ದೇವರ ಸಾಮಾನನ್ನು ದೇವರ ವಾಹನ ಒಯ್ದರೆ ಕಳ್ಳತನ ಹೇಗಾಗುತ್ತದೆ ಎಂದು ಇವರದು. ಬೋನು ಇಡಲು ಹೊರಟೆ. ಅಂದು ಸಂಕಷ್ಟಿ, ಮೂಷಿಕಕ್ಕೆ ಅಭಯ. ಮರುದಿನ ಇಟ್ಟೆ. ಅದು ಅಷ್ಟರಲ್ಲಿ ವೈರು ಕಡಿದು ಊರು ಬಿಟ್ಟಿತ್ತು. ಸಂದಿಗೆ ಈಗ ತಾಮ್ರದ ಜಾಲರಿ ತುರುಕಿದ್ದೇನೆ, ಉದ್ಧರಣೆಯದು ಇನ್ನೂ ಪತ್ತೆಯಿಲ್ಲ.

ಇಲಿಗಿಂತ ಕೆಟ್ಟದ್ದು ನೀರು. ಸ್ಲೈಡಿನ ನೆಲ ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಉಬ್ಬುತ್ತದೆ, ಆಮೇಲೆ ಪುಡಿಯಾಗುತ್ತದೆ. ಆ ನೀರು ಒಂದು ಕಡೆ ಒಳಗೆ ಬಂದು ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ನಮ್ಮ ಪೂರ್ವಕ್ಕಿರುವ ಸೂಪರ್‌ಸ್ಟಿಶನ್ ಬೆಟ್ಟಗಳಲ್ಲಿ ಜೇಕಬ್ ವಾಲ್ಟ್ಸ್ ಎಂಬ ಜರ್ಮನ್ ವಲಸಿಗನ ಚಿನ್ನದ ಗಣಿ ಅಡಗಿದೆ ಎಂದು ಪ್ರತೀತಿ. ಅವನು 1891ರಲ್ಲಿ ಸತ್ತ, ಜನ ಇಂದಿಗೂ ನಕ್ಷೆ ಹಿಡಿದು ಹುಡುಕುತ್ತಿದ್ದಾರೆ. ನಾನು ಆ ಕಡೆ ತಲೆ ಹಾಕಿಲ್ಲ. ಮಳೆ ಬಂದ ಮರುದಿನ ಟಾರ್ಚು, ಸ್ಕ್ರೂಡ್ರೈವರು ಹಿಡಿದು ಸ್ಲೈಡಿನ ಅಡಿಯಲ್ಲಿ ಮಲಗಿ ಹಲಗೆಯನ್ನು ಚುಚ್ಚಿ ಚುಚ್ಚಿ ನೋಡುವುದರಲ್ಲೇ ನನ್ನ ಶೋಧನೆಯ ಹುಮ್ಮಸ್ಸು ತೀರುತ್ತದೆ.

ಸ್ಲೈಡಿನ ತುದಿಗೆ ಜ್ಯಾಕ್ ಆನಿಸಬೇಕೋ ಬೇಡವೋ ಎಂಬ ವಿಷಯ ಈ ಪಾರ್ಕಿನಲ್ಲಿ ಎತ್ತಬಾರದು. ಸ್ಮಾರ್ತರ ಏಕಾದಶಿ, ಮಾಧ್ವರ ಏಕಾದಶಿ ಇದ್ದ ಹಾಗೆ ಎರಡು ಪಂಗಡ, ಎರಡಕ್ಕೂ ಆಧಾರಗಳಿವೆ. ಆನಿಸದಿದ್ದರೆ ಭಾರಕ್ಕೆ ಜೋಲುತ್ತದೆ ಎನ್ನುವವರು ಒಂದು ಕಡೆ. ಗಾಡಿ ತುಸು ಕುಸಿದರೂ ಜ್ಯಾಕು ಸ್ಲೈಡನ್ನು ಮೇಲಕ್ಕೆ ಎತ್ತಿ ತಿರುಚುತ್ತದೆ ಎನ್ನುವವರು ಇನ್ನೊಂದು ಕಡೆ. ಅಜ್ಜ ಎರಡನೆಯ ಪಂಗಡ, ನಾವು ಅವನ ಶಿಷ್ಯರು.

ಸಂಜೆಗೆ ಎಲ್ಲ ಮುಗಿದು, ಸ್ಲೈಡುಗಳು ಹೊರಗೆ ಹೋಗಿ, ಒಲೆ ಕೈಗೆ ಸಿಗುತ್ತದೆ. ಚಂದ್ರ ಸಿಗುವುದಿಲ್ಲ. ಪಂಚಾಂಗ ಕೊಡುವ ಹೊತ್ತು ಬಯಲುಸೀಮೆಯ ಚಂದ್ರನದು. ನಮ್ಮ ಚಂದ್ರ ಆ ಚಿನ್ನದ ಬೆಟ್ಟಗಳನ್ನು ಹತ್ತಿ ಇಳಿಯಬೇಕು. ಇವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬೆಟ್ಟದ ಅಂಚನ್ನು ಅನುಮಾನದಿಂದ ನೋಡುತ್ತಿರುತ್ತಾರೆ. ಅಜ್ಜ ಜೊತೆಗೆ ಕೂರುತ್ತಾನೆ. ತಿಂಗಳಿಗೊಮ್ಮೆ ಸ್ಲೈಡ್ ಆಡಿಸಲು ಇಷ್ಟು ಕರಾರುವಾಕ್ಕಾದ ಪದ್ಧತಿ ತನ್ನ ದೇಶದಲ್ಲೂ ಇಲ್ಲವೆಂದು ಮೆಚ್ಚಿ, ಇವರಿಂದ ವರ್ಷದ ಸಂಕಷ್ಟಿಗಳನ್ನೆಲ್ಲ ಬರೆಸಿಕೊಂಡು ತನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾನೆ. ಅಂದು ಅವನದೂ ಉಪವಾಸ. ಬಿಯರು ಆಹಾರವಲ್ಲ ಎಂಬ ಒಂದು ವಿನಾಯಿತಿ ತಾನೇ ಮಾಡಿಕೊಂಡಿದ್ದಾನೆ.

ಮುಂದಿನದು ಮಂಗಳವಾರ ಬಿದ್ದಿದೆ. ಇವರು ಅವನಿಗೆ ಅಂಗಾರಕ ಸಂಕಷ್ಟಿಯ ಮಹಿಮೆ ವಿವರಿಸಿದರು: ಅದೊಂದನ್ನು ಆಚರಿಸಿದರೆ ವರ್ಷದ ಸಂಕಷ್ಟಿಗಳನ್ನೆಲ್ಲ ಆಚರಿಸಿದ ಫಲ. ಅಜ್ಜ ಡಬ್ಬಿ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ.

"ಹಾಗಾದರೆ, ಅವತ್ತು ಒಂದು ದಿನ ಸ್ಲೈಡ್ ಆಡಿಸಿದರೆ ಉಳಿದ ತಿಂಗಳು ಬಿಡಬಹುದಾ?"

ಇವರು ನನ್ನ ಮುಖ ನೋಡಿದರು.