ಲಘುಭಾರ ಕರ್ಷಕ ವಾಹನದ ದಂತಾನುಪಾತ ಮೀಮಾಂಸೆ: ಒಂದು ಅಲ್ಪವೆಚ್ಚದ ಅನುಸಂಧಾನ

ಪ್ರಸ್ತುತ ಅಧ್ಯಯನದ ಕ್ಷೇತ್ರವ್ಯಾಪ್ತಿ ಉಜಿರೆಯ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವ ಚಾರ್ಮಾಡಿ ಘಾಟಿ. ಕಾಲವ್ಯಾಪ್ತಿ, ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿದ ಕ್ಷಣದಿಂದ ಮೆಕ್ಯಾನಿಕ್ ಬಂದು "ನಾನು ಆಗಲೇ ಹೇಳಿರ್ಲಿಲ್ವಾ ಮಾರಾಯ" ಎನ್ನುವವರೆಗೆ. ಪ್ರಾಥಮಿಕ ಆಕರವೆಂದರೆ ಬೆನ್ನಿಗೆ ಕಬ್ಬಿಣದ ಕ್ರೇನು, ಕೊಕ್ಕೆ, ಚೈನ್‌ಪುಲ್ಲಿ ವೆಲ್ಡ್ ಮಾಡಿಸಿಕೊಂಡ ಹಳೆಯ ಮಹೀಂದ್ರ ಜೀಪು. ಪೂರ್ವಸೂರಿಗಳು ಇದನ್ನು 'ಟೋಯಿಂಗ್ ಗಾಡಿ' ಎಂದಿದ್ದಾರೆ. ಎಲ್ಲರಿಗೂ ತಿಳಿಯುವ ಹೆಸರಿಟ್ಟುಕೊಂಡು ವಿಚಾರ ಸಂಕಿರಣಕ್ಕೆ ಹೋದರೆ ಟಿಎ-ಡಿಎ ದಕ್ಕುವುದಿಲ್ಲವಾದ್ದರಿಂದ, ಇನ್ನು ಮುಂದೆ ಅದು 'ಲಘುಭಾರ ಕರ್ಷಕ'.

ಸಂಶೋಧನಾ ಸಮಸ್ಯೆ ಹೀಗಿದೆ: ಹೆಚ್ಚುಕಡಿಮೆ ತನ್ನಷ್ಟೇ ತೂಕದ ಕೆಟ್ಟ ಕಾರನ್ನು ಎಳೆದುಕೊಂಡು ತಿರುವು ಹತ್ತುವಾಗ ಕರ್ಷಕವು ಫಸ್ಟ್ ಗೇರಿನಲ್ಲೂ ಉಸಿರು ಕಟ್ಟಿ ನಿಲ್ಲುತ್ತದೆ. ಯಾಕೆ?

ಹಿಂದಿನ ಆಕ್ಸಲಿನ ಹೌಸಿಂಗಿನೊಳಗೆ ದೊಡ್ಡ ಕ್ರೌನು, ಚಿಕ್ಕ ಪಿನಿಯನ್ನು ಎಂಬ ಎರಡು ಹಲ್ಲುಚಕ್ರಗಳು ಇರುತ್ತವೆ. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಅನುಪಾತ. 39ಕ್ಕೆ 8 ಇದ್ದರೆ 4.88, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು ಇದು. 43ಕ್ಕೆ 8 ಇದ್ದರೆ 5.38, ಯುದ್ಧ ಮುಗಿದ ಮೇಲೆ ಹೊಲಕ್ಕಿಳಿದ ಸಿಜೆ ಜೀಪಿನದು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಕೂರಿಸಿದರೆ ಚಕ್ರಕ್ಕೆ ಸಿಗುವ ಎಳೆತ ಶೇ. 10ರಷ್ಟು ಹೆಚ್ಚುತ್ತದೆ, ಇಂಜಿನ್ನು ಅಷ್ಟೇ ಸುತ್ತಿದರೂ ಓಟ ಶೇ. 9ರಷ್ಟು ಇಳಿಯುತ್ತದೆ.

ವಿಷಯ ಮುಗಿದೇಹೋಯಿತು. ಹೀಗೆ ಮುಗಿದರೆ ಮಹಾಪ್ರಬಂಧ ಹೇಗಾದೀತು? ಆದ್ದರಿಂದ ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಹೇಳುವುದಾದರೆ, ಪಿನಿಯನ್ನೆಂಬ ಅಂಚಿನ ಅಸ್ಮಿತೆಯು ಕ್ರೌನೆಂಬ ಪ್ರಭುತ್ವದೊಡನೆ ನಡೆಸುವ ದಂತಮಧ್ಯಸ್ಥ ಮುಖಾಮುಖಿಯಲ್ಲಿ, ಚಲನೆಯೆಂಬ ಸಂಕಥನವು ತನ್ನ ಅನನ್ಯತೆಯನ್ನು ಗ್ರೀಸಿನ ನೆಲೆಗಟ್ಟಿನ ಮೇಲೆ ಮರುಕಟ್ಟಿಕೊಳ್ಳುತ್ತದೆ. (ಇಲ್ಲಿ ಅಧ್ಯಕ್ಷರು ತಲೆಯಾಡಿಸಬೇಕು.)

ಅಲ್ಪವೆಚ್ಚದ ಸುಧಾರಣೆಗಳು ಏಳು ವಿಧ: ಪರಿಧ್ಯಾತ್ಮಕ, ಅಂತರ್ಗರ್ಭಾತ್ಮಕ, ವಿಸ್ಮೃತ್ಯಾತ್ಮಕ, ಮತ್ತಿತರ ನಾಲ್ಕು.

ಪರಿಧ್ಯಾತ್ಮಕವೆಂದರೆ ಚಿಕ್ಕ ಟಯರು ಹಾಕುವುದು. 7.00-16 ತೆಗೆದು 6.00-16 ಹಾಕಿದರೆ ಚಕ್ರದ ಸುತ್ತಳತೆ ತಗ್ಗಿ, ಹೌಸಿಂಗ್ ಬಿಚ್ಚದೆಯೇ ಎಳೆತ ತುಸು ಹೆಚ್ಚುತ್ತದೆ. ಆದರೆ ಚಿಕ್ಕ ಟಯರು ಹೊರುವ ಭಾರವೂ ಕಡಿಮೆ, ಕ್ರೇನಿನ ಭಾರವೆಲ್ಲ ಕೂರುವುದು ಆ ಹಿಂದಿನ ಟಯರುಗಳ ಮೇಲೆಯೇ.

ಅಂತರ್ಗರ್ಭಾತ್ಮಕವೆಂದರೆ ಗುಜರಿಯಿಂದ ಕ್ರೌನ್-ಪಿನಿಯನ್ ತಂದು ಕೂರಿಸುವುದು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕುವ ತಾಳ್ಮೆ ಬೇಕು. ಕ್ರೌನು, ಪಿನಿಯನ್ನು ಎರಡೂ ಜೋಡಿಯಾಗಿಯೇ ಉಜ್ಜಿಸಿಕೊಂಡು ಹುಟ್ಟಿದವು. ಒಂದು ಜೋಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ನು ಗಂಟುಹಾಕಿದರೆ ಮೊದಲ ಘಾಟಿಯಲ್ಲೇ ಊಳಿಡುತ್ತವೆ. ಕೂರಿಸುವವನು ತೆಳ್ಳನೆಯ ಶಿಮ್ಮು ಹಾಕಿ ತೆಗೆದು, ಹಲ್ಲಿಗೆ ನೀಲಿ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಮೂಡುವವರೆಗೆ ಬಿಡಬಾರದು. ಇನ್ನೊಂದು ಮಾತು: ಗಾಡಿ ಫೋರ್ ವೀಲ್ ಆಗಿದ್ದರೆ ಮುಂದಿನ ಹೌಸಿಂಗಿಗೂ ಅದೇ ಅನುಪಾತ ಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಅರ್ಧ ದುಡ್ಡು ಉಳಿಸಿದವರು ಡಾಂಬರಿನ ಮೇಲೆ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಲು ನೋಡಿ, ಎರಡರ ನಡುವೆ ಯಾವುದೋ ಒಂದು ಮುರಿಯುತ್ತದೆ.

ವಿಸ್ಮೃತ್ಯಾತ್ಮಕವೇ ಎಲ್ಲಕ್ಕಿಂತ ಅಗ್ಗ. ಗೇರಿನ ಪಕ್ಕದಲ್ಲಿ ತುಕ್ಕು ಹಿಡಿದು, ಅಂಗಿ ತೂಗುಹಾಕಲು ಬಳಕೆಯಾಗುತ್ತಿರುವ ಆ ಗಿಡ್ಡ ಲಿವರ್ ಇದೆಯಲ್ಲ, ಅದು ಲೋ. ಸಿಜೆ ಜೀಪಿನ ಸ್ಪೈಸರ್ 18 ಟ್ರಾನ್ಸ್‌ಫರ್ ಪೆಟ್ಟಿಗೆಯಿದ್ದರೆ ಅದರ ಇಳಿತ ಸುಮಾರು 2.46. ಕ್ರೌನ್ ಬದಲಿಸಿ ಸಿಕ್ಕಿದ್ದು ನೂರಕ್ಕೆ ಹತ್ತು. ಇಲ್ಲಿ ಎರಡೂವರೆ ಪಟ್ಟಿನ ಹತ್ತಿರ, ಅದೂ ಗಾಡಿಯ ಜೊತೆಗೇ ಬಂದದ್ದು! ಫೋರ್ ವೀಲ್ ಹಾಕದೆ ಲೋ ಬೀಳದು, ತಿರುವಿನಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಗ್ಯಾರೇಜಿನ ಉತ್ತರ ಇದು: ಮುಂದಿನ ಫ್ರೀ ವೀಲ್ ಹಬ್ ಬಿಡಿಸಿಟ್ಟು ಲೋ ಹಾಕು, ಹಿಂದಿನ ಆಕ್ಸಲಿನ ಮೇಲೆ ಕರುಣೆಯಿಟ್ಟು ಮೆಲ್ಲಗೆ ಹತ್ತಿಸು.

ಉಳಿದ ನಾಲ್ಕು ವಿಧಗಳನ್ನು ನಾನು ಬರೆಯುವುದಿಲ್ಲ. ಏಳು ಎಂದದ್ದು ಸಾಲು ತುಂಬಲಿ ಎಂದಷ್ಟೇ.

ತಮಾಷೆ ಬದಿಗಿರಲಿ, ಮೇಲೆ ಹೇಳಿದ ಇಷ್ಟು ಮಾತೂ ನಮ್ಮ ಭಾಷೆಯಲ್ಲಿ ಅಚ್ಚಾಗಿ ಗ್ಯಾರೇಜಿನ ಹುಡುಗನ ಕೈಗೆ ಸಿಗುವುದಿಲ್ಲ. ಹಲ್ಲಿನ ಸದ್ದು ಕೇಳಿಯೇ ಶಿಮ್ಮು ಎಷ್ಟು ಬೇಕೆಂದು ಹೇಳುವ ಮುದುಕರು ಬರೆದವರಲ್ಲ. ಬರೆಯಬಲ್ಲವರು ಹೌಸಿಂಗ್ ಬಿಚ್ಚಿದವರಲ್ಲ. ಮಧ್ಯೆ 'ಜನಪದ ತಂತ್ರಜ್ಞಾನದ ಸಾಂಸ್ಕೃತಿಕ ಅನನ್ಯತೆ' ಎಂಬ ಗೋಷ್ಠಿ ನಡೆಯುತ್ತದೆ, ಊಟಕ್ಕೆ ಹೋಳಿಗೆ ಇರುತ್ತದೆ, ಗೋಷ್ಠಿಗೆ ಒಬ್ಬ ಮೆಕ್ಯಾನಿಕ್ಕನ್ನೂ ಕರೆದಿರುವುದಿಲ್ಲ.

ಮಾಲೀಕರ ಬಗ್ಗೆಯೂ ಒಂದು ಮಾತು. ಸ್ಪೀಡೋಮೀಟರ್ ಕೇಬಲ್ಲು ಗೇರ್ ಪೆಟ್ಟಿಗೆಯ ಕಡೆಯಿಂದ ಬರುವುದರಿಂದ, 4.88ರ ಬದಲು 5.38 ಹಾಕಿದ ಗಾಡಿ 100 ಕಿ.ಮೀ. ಓಡಿದರೆ ಮೀಟರಿನಲ್ಲಿ 110 ಕಾಣುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುವ ಮಾಲೀಕನಿಗೆ ಈ ಭಾಗದ ಭೌತಶಾಸ್ತ್ರ ಮಾತ್ರ ತಟ್ಟನೆ ತಿಳಿಯುತ್ತದೆ. ಆ ಹತ್ತು ಕಿಲೋಮೀಟರಿನ ದುಡ್ಡು ಡ್ರೈವರನಿಗೆ ಹೋಗುವುದಿಲ್ಲ. ಕ್ರೌನ್-ಪಿನಿಯನ್ ಬದಲಿಸದ ಮಾಲೀಕ ಉಳಿಸಿದ ದುಡ್ಡೂ ಹೋಗುವುದಿಲ್ಲ. ಆ ಉಳಿತಾಯದ ಬೆಲೆಯನ್ನು ಡ್ರೈವರನ ಎಡಗಾಲ ಮಂಡಿ, ಮಳೆಯಲ್ಲಿ ಕ್ಲಚ್ಚು ಅರ್ಧ ಒತ್ತಿ ಗಾಡಿ ಹಿಡಿದು ನಿಂತ ಮಂಡಿ, ತೀರಿಸುತ್ತದೆ.

ಏರಿಗೆಂದು ಮಾಡಿಸಿದ ಈ ಗೇರು ನಿಜವಾಗಿ ಜೀವ ಉಳಿಸುವುದು ಇಳಿಜಾರಿನಲ್ಲಿ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಡ್ರಮ್ಮು ಕಾಯುವುದಿಲ್ಲ. ಆದರೂ ಹಿಂದೆ ಜೋತುಬಿದ್ದ ಕಾರಿನ ತೂಕವನ್ನೂ ಸೇರಿಸಿ ಕೊನೆಗೆ ನಿಲ್ಲಿಸಬೇಕಾದದ್ದು ಆ ಸವೆದ ಲೈನರ್‌ಗಳೇ. ಅನುಪಾತ 5.38 ಇರಲಿ, 4.88 ಇರಲಿ, ಕೈಯಲ್ಲಿರುವ ದುಡ್ಡಿಗೆ ಮೊದಲು ನಾಲ್ಕು ಚಕ್ರಕ್ಕೂ ಹೊಸ ಬ್ರೇಕ್ ಲೈನರ್ ಹಾಕಿಸಿ. ಮಿಕ್ಕಿದ್ದರಲ್ಲಿ ಆ ಗಿಡ್ಡ ಲಿವರಿನ ಮೇಲಿನ ಅಂಗಿ ತೆಗೆಸಿ, ಎಣ್ಣೆ ಬಿಡಿ.