ಹಣ್ಣುಬೆಣ್ಣೆಯ ಶಾಸ್ತ್ರವಿಚಾರ

ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸೋಂದಾ ಸೀಮೆಯ ಮನೆಗಳಲ್ಲಿ ಬೆಣ್ಣೆಗೆ ಸ್ವತಂತ್ರ ಅಸ್ತಿತ್ವವೇ ಇಲ್ಲವೆನ್ನಬೇಕು. ಮೊಸರು ಕಡೆದು ತೆಗೆದ ಮುದ್ದೆಯಲ್ಲಿ ಒಂದಿಷ್ಟು ದೋಸೆಯ ಮೇಲೆ ಕರಗಿದರೆ, ಉಳಿದದ್ದು ನೀರಿನಲ್ಲಿ ಮುಳುಗಿ ತುಪ್ಪವಾಗುವ ಸರದಿ ಕಾಯುತ್ತದೆ. ಇಲ್ಲಿನ ಮಠದ ಯತಿ ವಾದಿರಾಜರ ಹೆಸರಿನೊಡನೆ ಬೆಸೆದುಕೊಂಡಿರುವ ಹಯಗ್ರೀವ, ಅಂದರೆ ಕಡಲೆಬೇಳೆ, ಬೆಲ್ಲ, ಕಾಯಿತುರಿಗಳ ಸಿಹಿ, ಬೇಡುವುದೂ ತುಪ್ಪವನ್ನೇ. ಹೀಗಿರುವಲ್ಲಿ, ಈ ಸೀಮೆಯಿಂದ ಅಮೆರಿಕಕ್ಕೆ ಹೋದ ಸಂಸಾರಗಳು ಮಕ್ಕಳ ಬ್ರೆಡ್ಡಿಗೆಂದು ಸ್ಟ್ರಾಬೆರಿ ಬೆಣ್ಣೆಯನ್ನು ಮನೆಯಲ್ಲೇ ಮಾಡತೊಡಗಿದ್ದು, ಮಗಳ ಬಾಣಂತನಕ್ಕೆ ಬಂದಿಳಿಯುವ ಆಯಿಯ (ಈ ಕಡೆ ತಾಯಿಗೆ ಆಯಿ ಎನ್ನುತ್ತಾರೆ) ದೃಷ್ಟಿಯಲ್ಲಿ ಶಾಸ್ತ್ರವಿರೋಧವೇ ಸರಿ.

ಆದರೆ ಶಾಸ್ತ್ರಕ್ಕಿಂತ ಮೊದಲು ಅಡ್ಡ ಬರುವುದು ನೀರು. ಬೆಣ್ಣೆಯಲ್ಲಿ ಸುಮಾರು ಶೇ. 80ರಷ್ಟು ಜಿಡ್ಡಿದ್ದರೆ ಸ್ಟ್ರಾಬೆರಿಯಲ್ಲಿ ಶೇ. 90ರಷ್ಟು ನೀರೇ ಇರುವುದರಿಂದ, ಹಸಿ ಹಣ್ಣನ್ನು ಅರೆದು ಸುರಿದಾಗ ಜಿಡ್ಡು ಅದನ್ನು ಒಳಗೆ ಬಿಟ್ಟುಕೊಳ್ಳದೆ, ಗುಲಾಬಿ ನೀರು ಬಟ್ಟಲಿನ ತಳ ಸೇರುತ್ತದೆ. ಹಣ್ಣನ್ನು ಸಕ್ಕರೆಯೊಡನೆ ಕುದಿಸಿ ಗಟ್ಟಿಯಾಗಿಸಿ, ಪೂರ್ತಿ ಆರಿಸಿ, ಮೆತ್ತಗಾದ ಬೆಣ್ಣೆಗೆ ಸ್ವಲ್ಪಸ್ವಲ್ಪವೇ ಬೆರೆಸುವುದು ಸರಿಯಾದ ಕ್ರಮವೆಂಬುದನ್ನು ಮಗಳು ಮೊಬೈಲ್ ನೋಡಿ ಕಲಿಯುತ್ತಾಳೆ. ಆಯಿಗೆ ಅದು ನೋಡದೆಯೇ ತಿಳಿದಿದ್ದರೂ, ಕೇಳದ ಹೊರತು ಹೇಳುವುದಿಲ್ಲ.

ಆಯಿಯ ಪಕ್ಷ ಸಡಿಲವಾಗುವುದು ಮುರುಗಲ ತುಪ್ಪದ ಮುಂದೆ. ಮುರುಗಲು, ಅಂದರೆ ಪುನರ್ಪುಳಿ ಹಣ್ಣಿನ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಜಿಡ್ಡನ್ನು ತೆಗೆದು ಹೆಪ್ಪುಗಟ್ಟಿಸಿದ ಈ ಮುದ್ದೆಯನ್ನು, ಒಡೆದ ಹಿಮ್ಮಡಿಗೆ ಹಚ್ಚಲೆಂದು ಆಕೆಯೇ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತಂದಿರುತ್ತಾಳೆ. ಹಣ್ಣಿನ ಬೆಣ್ಣೆಗೆ ಇದಕ್ಕಿಂತ ಶುದ್ಧವಾದ ಆಧಾರ ಬೇಕೇ ಎಂದು ಅಳಿಯ ವಾದ ಹೂಡಿದರೆ, "ಅದು ಕಾಲಿಗೆ, ಇದು ಬಾಯಿಗೆ" ಎಂಬ ಉತ್ತರದಿಂದ ಸಭೆ ಮುಗಿಯುತ್ತದೆ; ಮುರುಗಲ ತುಪ್ಪವನ್ನು ಹಿಂದಿನವರು ಅಡುಗೆಗೂ ಬಳಸುತ್ತಿದ್ದರೆಂಬ ಸಂಗತಿ ಮಾತ್ರ ಕಲಾಪಕ್ಕೆ ಬರುವುದಿಲ್ಲ.

ಕೊನೆಗೆ, ಫ್ರಿಜ್ಜಿನಲ್ಲಿ ಮಿಕ್ಕ ಗುಲಾಬಿ ಮುದ್ದೆಯನ್ನು ಆಯಿ ಯಾರಿಗೂ ಹೇಳದೆ ಒಲೆಗೇರಿಸುತ್ತಾಳೆ. ಹಣ್ಣಿನ ಸಕ್ಕರೆ ಹಾಲಿನಂಶದೊಡನೆ ಕಂದುಗಟ್ಟಿ, ಗಸಿ, ಎಂದರೆ ತುಪ್ಪದ ತಳದಲ್ಲುಳಿಯುವ ಚರಟ, ಮಿಠಾಯಿಯಂತಾದಾಗ ಮೊಮ್ಮಕ್ಕಳು ಬ್ರೆಡ್ಡು ಬಿಟ್ಟು ಪಾತ್ರೆಗೇ ಕೈಹಾಕುತ್ತಾರೆ. ಮುಂದಿನ ವಾರ ಸ್ಟ್ರಾಬೆರಿ ತರಿಸುವವಳು ಆಯಿಯೇ. ಅದು ತುಪ್ಪ ಕಾಯಿಸುವುದಕ್ಕೆ ಎಂದು ಮಾತ್ರ ಸ್ಪಷ್ಟವಾಗಿ ಹೇಳಿರುತ್ತಾಳೆ.